ತಿರುಗಿಸಿ ಹೊಲಿದ ಆರು

ಹೋದ ವಾರ ಒಂದು ಜಿಮ್ ಟೀ ಶರ್ಟಿನ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟು, ಗಿರಾಕಿಯ ಜೊತೆ ಮಾತಾಡುತ್ತಾ ಮೈಮರೆತೆ. ನೈಲಾನ್ ಬಟ್ಟೆ ಸುಟ್ಟಿತು. ಆ ವಾಸನೆ ಎಂಥದ್ದೆಂದು ಹೊಲಿಗೆ ಕೆಲಸದವರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ಪ್ಲಾಸ್ಟಿಕ್ಕೂ ಕೂದಲೂ ಒಟ್ಟಿಗೆ ಸುಟ್ಟಂತಿರುತ್ತದೆ, ಮೂಗಿನಿಂದ ಇಳಿದು ಗಂಟಲಲ್ಲಿ ಕೂತುಬಿಡುತ್ತದೆ. ಗಿರಾಕಿ ಬಾಯಿಗೆ ಬಂದಂತೆ ಬೈದು ಹೋದ. ನಾನು ಪೆಟ್ಟಿಗೆ ಎತ್ತಿ ಹಿಡಿದುಕೊಂಡು ಹಾಗೇ ನಿಂತಿದ್ದೆ. ನನಗೆ ಎದುರು ಮನೆಯ ಅಣ್ಣ ನೆನಪಾಗಿದ್ದ.

ಗಂಗಾವತಿಯಲ್ಲಿ ನಮ್ಮ ಅಬ್ಬಾನ ಟೇಲರಿಂಗ್ ಅಂಗಡಿ ಆಟದ ಮೈದಾನದ ಎದುರಿಗೇ ಇದೆ. ಅಬ್ಬಾ ಈಗಿಲ್ಲ, ಅಂಗಡಿ ನನ್ನ ಪಾಲಿಗೆ ಬಂದಿದೆ. ನಡುವೆ ರಸ್ತೆ, ಆಚೆ ಮೈದಾನದ ಕಾಂಪೌಂಡು. ಆ ಕಾಂಪೌಂಡು ಒಂದು ಕಡೆ ಬಿದ್ದುಹೋಗಿದ್ದರಿಂದ, ನನ್ನ ಮಷೀನಿನ ಮುಂದೆ ಕೂತರೆ ಒಂದು ಗೋಲ್‌ಪೋಸ್ಟೂ ಅದರ ಮುಂದಿನ ಅರ್ಧ ಮೈದಾನವೂ ಕಾಣುತ್ತಿದ್ದವು. ಹೀಗಾಗಿ ನಾನು ಬುದ್ಧಿ ಬಂದಾಗಿನಿಂದ ನೋಡಿದ್ದೆಲ್ಲ ಅರ್ಧ ಫುಟ್ಬಾಲು. ಇನ್ನರ್ಧವನ್ನು ಜನರ ಕೂಗು ಕೇಳಿ ಅಂದಾಜು ಮಾಡಬೇಕಿತ್ತು. ಅಬ್ಬಾ ಕತ್ತರಿ ಆಡಿಸುತ್ತಲೇ "ಗೋಲ್ ಆತು ನೋಡು" ಅನ್ನುತ್ತಿದ್ದರು. ಎಂದೂ ತಪ್ಪಿದ್ದಿಲ್ಲ.

ಗಂಗಾವತಿಯಲ್ಲಿ ಫುಟ್ಬಾಲೇ ಎಂದು ಹುಬ್ಬೇರಿಸುವವರು ಇದ್ದಾರೆ. ಭತ್ತ, ಅಕ್ಕಿ ಗಿರಣಿ, ಕಾಲುವೆ ಬಿಟ್ಟರೆ ನಮ್ಮೂರಲ್ಲಿ ಇನ್ನೇನೂ ಇಲ್ಲ ಎಂದುಕೊಂಡವರು ಅವರು. ಇತ್ತು, ಈಗಲೂ ಇದೆ. ವರ್ಷಕ್ಕೊಮ್ಮೆ ಕಪ್ ಆಡಿಸುತ್ತಿದ್ದರು. ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳಿಂದ ಟೀಮುಗಳು ಬರುತ್ತಿದ್ದವು, ನಮ್ಮವರು ಅಲ್ಲಿಗೆ ಹೋಗುತ್ತಿದ್ದರು. ಆದರೆ ನೋಡುವ ಜನ ಮಾತ್ರ ಕ್ರಿಕೆಟ್ ನೋಡಿ ಬೆಳೆದ ಜನ. ಫುಟ್ಬಾಲಿಗೂ ಅದೇ ಬಾಯಿ ಹೊತ್ತು ಬರುತ್ತಿದ್ದರು. ಗೋಲ್‌ಕೀಪರ್ ಬಾಲ್ ಹಿಡಿದರೆ "ಕ್ಯಾಚ್ ಔಟ್" ಅನ್ನುವುದು, ಯಾರಾದರೂ ಓಡುತ್ತಾ ಬಿದ್ದರೆ "ರನ್ ಔಟ್" ಅನ್ನುವುದು... ನಗೆಯೋ ನಗೆ. ಆ ನಗೆ ನನಗೂ ಇಷ್ಟವಾಗುತ್ತಿತ್ತು.

ಅಣ್ಣ ನಮ್ಮ ಟೀಮಿನ ಸ್ಟಾಪರ್. ಅಂದರೆ ಗೋಲ್‌ಕೀಪರಿನ ಮುಂದೆ ಕೊನೆಗೆ ಉಳಿಯುವ ಆಳು, ಅವನನ್ನು ದಾಟಿದರೆ ಮುಗಿಯಿತು. ಹಗಲು ಅಕ್ಕಿ ಗಿರಣಿಯಲ್ಲಿ ಲಾರಿಗಳ ತೂಕ ಮಾಡಿಸುವ ಕೆಲಸ, ಸಂಜೆ ಮೈದಾನ. ಎತ್ತರದ ಮನುಷ್ಯ, ಮಾತು ಕಡಿಮೆ, ನಗು ಬೇಗ. ಅವನ ಮನೆ ನಮ್ಮ ಮನೆಯ ಎದುರಿಗೆ, ಓಣಿಯಲ್ಲಿ. ನನ್ನ ಅಮ್ಮಿಯೂ ಅವನ ಅವ್ವನೂ ಒಂದೇ ನಲ್ಲಿಗೆ ಕೊಡ ಹಿಡಿದು ಜಗಳವಾಡಿ, ಸಂಜೆ ಒಂದೇ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದವರು. ನನ್ನನ್ನು ಅವನು ತಂಗಿ ಅನ್ನುತ್ತಿದ್ದ, ಅಬ್ಬಾನನ್ನು ಚಾಚಾ.

ಅವನ ಜರ್ಸಿ ನಂಬರ್ ಆರು. ಆಗೆಲ್ಲ ಬರೀ ಬಣ್ಣದ ಜರ್ಸಿ ತರುತ್ತಿದ್ದರು, ಬಿಳಿ ಬಟ್ಟೆಯಲ್ಲಿ ನಂಬರ್ ಕತ್ತರಿಸಿ ಬೆನ್ನಿಗೆ ಹೊಲಿಯುವ ಕೆಲಸ ನಮ್ಮದು. ಅಣ್ಣನ ಕಾಲಿನಲ್ಲಿ ಅದೇನು ಜೋರಿತ್ತೋ, ಎದುರಿನವರು ಗೋಲಿನ ಹತ್ತಿರ ಬಂದಾಗ ಒಂದು ಸಲ ಒದ್ದನೆಂದರೆ ಬಾಲು ಕಾಂಪೌಂಡು ದಾಟಿ, ರಸ್ತೆ ದಾಟಿ, ನಮ್ಮ ಅಂಗಡಿಯ ತಗಡಿನ ಮೇಲೆ ಬಂದು ಧಡ್ ಅನ್ನುತ್ತಿತ್ತು. ಆಗ ಮೈದಾನಕ್ಕೆ ಮೈದಾನವೇ ಕೂಗುತ್ತಿತ್ತು, "ಛಕ್ಕಾ!" ನಮ್ಮ ಕಡೆ ಕ್ರಿಕೆಟ್ಟಿನ ಸಿಕ್ಸರಿಗೆ ಛಕ್ಕಾ ಅನ್ನುತ್ತಾರೆ. ಅಣ್ಣ ಸುಮ್ಮನಿರುತ್ತಿರಲಿಲ್ಲ. ಕ್ರಿಕೆಟ್ ಅಂಪೈರ್ ಸಿಕ್ಸರಿಗೆ ತೋರಿಸುವಂತೆ ಎರಡೂ ಕೈ ಮೇಲೆತ್ತಿ ಒಂದು ಸುತ್ತು ತಿರುಗುತ್ತಿದ್ದ. ಬೆನ್ನಿಗೂ ಆರು, ಕೂಗಿಗೂ ಆರು. ಒಳಗಿನಿಂದ ಅಬ್ಬಾ, "ನಿನ್ನ ಛಕ್ಕಾದಾಗ ನನ್ನ ತಗಡ ಹೋತಲೋ ಮಗನ!" ಎಂದು ಕೂಗುತ್ತಿದ್ದರು. ಊರು ಅವನ ಮೇಲೆ ಇಟ್ಟಿದ್ದ ಮುದ್ದೆಲ್ಲ ಆ ಒಂದು ಶಬ್ದದಲ್ಲಿತ್ತು.

ಆ ಶಬ್ದಕ್ಕೆ ಇನ್ನೊಂದು ಅರ್ಥವೂ ಇದೆ. ಎಲ್ಲರಿಗೂ ಗೊತ್ತಿರುವುದೇ. ನಡಿಗೆ ಮೆತ್ತಗಿದ್ದ ಗಂಡಸಿಗೆ, ಗಂಡಸನ್ನೇ ಬಯಸುವ ಗಂಡಸಿಗೆ, ಸೀರೆ ಉಟ್ಟು ಬದುಕುವ ಮಂಗಳಮುಖಿಯರಿಗೆ, ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿ ಉಗಿಯುವ ಬೈಗುಳ. ಅಣ್ಣನಿಗೆ ಆ ಕೂಗು ಕೂಗುವಾಗ ಯಾರ ಮನಸ್ಸಿನಲ್ಲೂ ಅದು ಇರಲಿಲ್ಲ. ನಾನು ಆಣೆ ಮಾಡಿ ಹೇಳಬಲ್ಲೆ, ಇರಲಿಲ್ಲ.

ಕೆಟ್ಟದ್ದು ಒಂದು ಒಳ್ಳೆಯ ಮಾತಿನಿಂದಲೇ ಶುರುವಾಯಿತು. ಟೀಮಿನ ಕ್ಯಾಪ್ಟನ್ ಅಣ್ಣನ ಜೀವದ ಗೆಳೆಯ. ಒಂದೇ ಗಾಡಿಯಲ್ಲಿ ತಿರುಗಿದವರು, ಆನೆಗೊಂದಿಯ ಹೊಳೆಯಲ್ಲಿ ಒಟ್ಟಿಗೆ ಈಜಿದವರು. ಅವನು ತನ್ನ ಸ್ವಂತ ತಂಗಿಯನ್ನು ಅಣ್ಣನಿಗೆ ಕೊಡುವ ಮಾತು ತೆಗೆದ. ಅಣ್ಣನ ಅವ್ವ ಓಣಿಗೆಲ್ಲ ಸಕ್ಕರೆ ಹಂಚುವುದೊಂದು ಬಾಕಿ. ಅಣ್ಣ ಒಲ್ಲೆ ಅಂದ. ಯಾಕೆಂದು ಕೇಳಿದರೆ ಈಗ ಬೇಡ ಅಂದ. ಕ್ಯಾಪ್ಟನ್ ಬಿಡಲಿಲ್ಲ, ನನ್ನ ತಂಗಿಯಲ್ಲಿ ಏನು ಕೊರತೆ ಕಂಡೆ ಎಂದು ಹಿಡಿದು ಕೂತ. ಯಾವುದಾದರೂ ಸುಳ್ಳು ಹೇಳಿ ಜಾರಿಕೊಂಡಿದ್ದರೆ ಅಣ್ಣ ಇವತ್ತಿಗೂ ಇದೇ ಓಣಿಯಲ್ಲಿ ಇರುತ್ತಿದ್ದನೇನೋ... ಸುಳ್ಳು ಅವನ ನಾಲಿಗೆಗೆ ಬರುತ್ತಿರಲಿಲ್ಲ.

ಅವನು ಏನು ಹೇಳಿದನೆಂದು ಮುಂದೆ ನನಗೆ ಅವನೇ ತಿಳಿಸಿದ. ಜರ್ಸಿ ಕೊಡಲು ಬಂದವನು ನನ್ನ ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಕೈಯಲ್ಲಿದ್ದ ದಾರದ ಉಂಡೆಯನ್ನು ನೋಡುತ್ತಾ ಹೇಳಿದ. "ನನಗ ಹೆಣ್ಮಕ್ಕಳ ಮ್ಯಾಲ ಮನಸ್ಸು ಬರಂಗಿಲ್ಲ ತಂಗಿ. ಸಣ್ಣಾವ ಇದ್ದಾಗಿಂದನೂ ಹಂಗ. ಗಂಡಸರ ಮ್ಯಾಲ ಬರತೈತಿ. ಅವನ ತಂಗೀನ ಕಟಗೊಂಡು ಆಕಿ ಬಾಳೇವು ಹಾಳ ಮಾಡ್ಲೇನು? ಅದಕ್ಕ ಖರೇ ಹೇಳಿಬಿಟ್ಟೆ."

ನಾನು, "ಚಹಾ ತರಿಸ್ಲೇನಣ್ಣಾ?" ಅಂದೆ. ಅವನು ನಕ್ಕ. ತರಿಸು ಅಂದ.

ಕ್ಯಾಪ್ಟನ್ ಆ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿಲ್ಲ. ತಂಗಿಯನ್ನು ಒಲ್ಲೆ ಅಂದ ಸಿಟ್ಟೋ, ಇಷ್ಟು ವರ್ಷ ಜೊತೆಗೆ ತಿರುಗಿದ್ದಕ್ಕೆ ತನ್ನ ಹೆಸರೂ ಕೆಡುತ್ತದೆಂಬ ಹೆದರಿಕೆಯೋ, ಅವನೇ ಬಲ್ಲ. ಒಬ್ಬರಿಗೆ ಹೇಳಿದ. ನಮ್ಮೂರಲ್ಲಿ ಒಬ್ಬರಿಗೆ ಹೇಳಿದರೆ ಸಾಕು.

ಮುಂದಿನ ಮ್ಯಾಚಿನಲ್ಲಿ ಅಣ್ಣ ಎಂದಿನಂತೆ ಬಾಲನ್ನು ಗೋಡೆಯಾಚೆ ಕಳಿಸಿದ. "ಛಕ್ಕಾ" ಎಂಬ ಕೂಗು ಎದ್ದಿತು. ಅಣ್ಣ ರೂಢಿಯಂತೆ ಎರಡೂ ಕೈ ಮೇಲೆತ್ತಿ ತಿರುಗಿದ. ಜನ ಬಿದ್ದು ಬಿದ್ದು ನಕ್ಕರು. ಆ ನಗುವಿನಲ್ಲಿ ಏನೋ ಬೇರೆ ಇತ್ತು. ಯಾರೋ ಸಿಳ್ಳೆ ಹೊಡೆದು ಸೊಂಟ ಕುಣಿಸಿದರು, ಇನ್ಯಾರೋ ಮಂಗಳಮುಖಿಯರನ್ನು ಅಣಕಿಸುವಂತೆ ಚಪ್ಪಾಳೆ ತಟ್ಟಿದರು. ನಾನು ಮಷೀನು ನಿಲ್ಲಿಸಿ ನೋಡುತ್ತಿದ್ದೆ. ಅಣ್ಣ ಒಂದು ಕ್ಷಣ ಹಾಗೇ ಕೈ ಎತ್ತಿಕೊಂಡು ನಿಂತ. ಆಮೇಲೆ ನಿಧಾನಕ್ಕೆ ಇಳಿಸಿದ. ಅದೇ ಮೈದಾನ, ಅದೇ ಬಾಯಿಗಳು, ಅದೇ ಶಬ್ದ. ಒಂದು ಅಕ್ಷರವೂ ಬದಲಾಗಿರಲಿಲ್ಲ. ಆ ದಿನದ ನಂತರ ಅವನು ಮೈದಾನದಲ್ಲಿ ಕೈ ಎತ್ತಿದ್ದನ್ನು ನಾನು ನೋಡಲಿಲ್ಲ.

ಕುಷ್ಟಗಿಗೆ ಆಡಲು ಹೋದರೆ ಟೀಮಿಗಿಂತ ಮೊದಲೇ ಸುದ್ದಿ ಹೋಗಿ ಕೂತಿತ್ತು. ಅಲ್ಲಿಯ ಜನ ಅಣ್ಣನ ಕಾಲಿಗೆ ಬಾಲು ಬಂದಾಗಲೆಲ್ಲ ಕೂಗಿದರಂತೆ. ನಮ್ಮೂರಿನಿಂದ ಟೆಂಪೋ ಮಾಡಿಕೊಂಡು ಹೋದ ಬೆಂಬಲಿಗರು ತಿರುಗಿ ಬೀಳಬೇಕಿತ್ತಲ್ಲ? ಅವರೂ ಜೊತೆಗೆ ದನಿಗೂಡಿಸಿದರಂತೆ. ಯಲಬುರ್ಗಾದಲ್ಲಿ ಕೂಗುವುದರ ಜೊತೆಗೆ ಬಳೆ ಎಸೆದರು. ಆ ಬಳೆಗಳಲ್ಲಿ ಒಂದನ್ನು ಅಣ್ಣ ಕಿಸೆಯಲ್ಲಿ ಹಾಕಿಕೊಂಡು ಬಂದಿದ್ದ. "ಛಲೋ ಬಳಿ ಐತಿ, ಒಡದಿಲ್ಲ, ಇಟಗೋ" ಎಂದು ನನಗೆ ಕೊಟ್ಟ. ನಾನು ಇಸಿದುಕೊಂಡು ರಸ್ತೆಗೆ ಬಿಸಾಡಿದೆ. ಅವನ ಮುಖದಲ್ಲಿ ನಗು ಇತ್ತು, ಕಣ್ಣಿನಲ್ಲಿ ಇರಲಿಲ್ಲ. ನನಗೆ ಮಾತ್ರ ಊರಿಗೆ ಊರನ್ನೇ ಹಿಡಿದು ಕಪಾಳಕ್ಕೆ ಬಿಡುವಷ್ಟು ಸಿಟ್ಟು.

ಇಷ್ಟಾದರೂ ಅವನಿಗೆ ಒಂದು ಆಸೆ ಇತ್ತು. ಹೊರದೇಶದ ಮ್ಯಾಚುಗಳನ್ನು ಮೊಬೈಲಿನಲ್ಲಿ ನೋಡುತ್ತಿದ್ದ. ಒಂದು ದಿನ ನನಗೂ ತೋರಿಸಿದ. ಅಲ್ಲಿಯೂ ಜನ ಇಂಥದ್ದನ್ನೇ ಕೂಗುತ್ತಾರಂತೆ, ಅವರವರ ಭಾಷೆಯಲ್ಲಿ.

"ಅಲ್ಲಿ ಹಿಂಗ ಕೂಗಿದ್ರ ರೆಫ್ರಿ ಸೀಟಿ ಊದಿ ಆಟ ನಿಲ್ಲಸ್ತಾನ ತಂಗಿ," ಅಂದ. "ಮೈಕಿನ್ಯಾಗ ಹೇಳಸ್ತಾನ. ಮತ್ತೂ ಕೂಗಿದ್ರ ಎಲ್ಲಾರನೂ ಕರಕೊಂಡು ಒಳಗ ಹೋಗಿಬಿಡ್ತಾನ."

"ಹಂಗಂದ್ರ ಅಲ್ಲೆ ಕೂಗೋದು ನಿಂತೈತೇನು?"

"ಎಲ್ಲಿ ನಿಂತೈತಿ."

"ಮತ್ತ?"

"ಆದ್ರೂ ಸೀಟಿ ಊದ್ತಾನಲ್ಲ."

ಅಷ್ಟೇ ಅವನಿಗೆ ಬೇಕಿದ್ದದ್ದು. ಊರು ಕ್ಷಮೆ ಕೇಳಲಿ ಅನ್ನಲಿಲ್ಲ, ಕ್ಯಾಪ್ಟನ್ ಬಂದು ಅಪ್ಪಿಕೊಳ್ಳಲಿ ಅನ್ನಲಿಲ್ಲ. ಒಂದು ಸಲ, ಒಂದೇ ಸಲ, ಈ ಕೂಗು ತಪ್ಪು ಎಂದು ಯಾರಾದರೂ ಸೀಟಿ ಊದಿ ಆಟ ನಿಲ್ಲಿಸಲಿ. ಆಮೇಲೆ ಬೇಕಾದರೆ ಮತ್ತೆ ಕೂಗಿಕೊಳ್ಳಲಿ.

ನಮ್ಮೂರಿನ ಕಪ್ ಹತ್ತಿರ ಬಂದಾಗ ಅವನು ಅದನ್ನು ನಡೆಸುವ ಕಮಿಟಿಯ ಅಧ್ಯಕ್ಷರಿಗೆ ಇದನ್ನು ಕೇಳಿದ. ಕೇಳಿದ್ದು ನಮ್ಮ ಅಂಗಡಿಯಲ್ಲೇ. ಅಧ್ಯಕ್ಷರು ಗೊಬ್ಬರದ ವ್ಯಾಪಾರಿ, ಸಫಾರಿ ಹೊಲಿಸಲು ಬಂದಿದ್ದರು. ಕೆಟ್ಟ ಮನುಷ್ಯ ಅಂತ ಹೇಳಲಾರೆ. ಅಳತೆ ಕೊಡಲು ಎರಡೂ ಕೈ ಅಗಲಿಸಿಕೊಂಡು ನಿಂತೇ ಕೇಳಿಸಿಕೊಂಡರು.

"ಅಲ್ಲಪಾ ತಮ್ಮಾ, ಅದು ಕ್ರಿಕೆಟ್ಟಿನ ಶಬ್ದ ಐತಿ. ನಿನಗ ಮೊದಲಿಂದಾನೂ ಅದನ್ನ ಕೂಗ್ತಾರಲ್ಲ? ಆವಾಗ ಕೈ ಎತ್ತಿ ಕುಣೀತಿದ್ದಿ. ಈಗ್ಯಾಕ ಮೈಮ್ಯಾಲ ಎಳಕೊಳ್ತಿ?"

"ಆವಾಗ ಬ್ಯಾರೆ ಕೂಗ್ತಿದ್ದರ್ರಿ. ಈಗ ಬ್ಯಾರೆ."

"ಶಬ್ದ ಒಂದ ಐತಲ್ಲೋ! ನಾಳೆ ಯಾರನರ ಹಿಡದು, ನೀ ಯಾ ಛಕ್ಕಾ ಕೂಗಿದಿ ಅಂತ ಕೇಳಾಕ ಆಗ್ತೈತೇನು?"

ಅಬ್ಬಾ ಟೇಪು ಸುತ್ತುತ್ತಾ, "ಕೇಳಿದ್ರ ಅವರಿಗೂ ಗೊತ್ತಾಗ್ತೈತ್ರಿ ಸಾಹೇಬ್ರ, ನಿಮಗೂ ಗೊತ್ತೈತಿ," ಅಂದರು. ಅಧ್ಯಕ್ಷರು ಅಬ್ಬಾನ ಮುಖ ನೋಡಿ ಸ್ವಲ್ಪ ಮೆತ್ತಗಾದರು. ಏನಾದರೂ ಮಾಡೋಣ ಬಿಡು ಅಂದರು. ಮಾಡಿದರು ಕೂಡ. ಮೊದಲ ಮ್ಯಾಚಿನ ದಿನ ಮೈಕಿನಲ್ಲಿ ಹೇಳಿಸಿದರು: "ಪ್ರೇಕ್ಷಕರಲ್ಲಿ ಕಮಿಟಿಯ ವಿನಂತಿ, ಆರನೇ ನಂಬರಿನ ಆಟಗಾರನಿಗೆ ಯಾರೂ ಛಕ್ಕಾ ಅನ್ನಬಾರದು." ಇರಕಲ್ಲಗಡದಿಂದ ಬಂದು ಸುಮ್ಮನೆ ಶೇಂಗಾ ತಿನ್ನುತ್ತಾ ಕೂತಿದ್ದವರಿಗೂ ಆಗ ವಿಷಯ ಗೊತ್ತಾಯಿತು. ಅವತ್ತಿನ ಕೂಗಿಗೆ ನಮ್ಮ ತಗಡು ನಡುಗಿತು.

ಮರುದಿನ ಅಧ್ಯಕ್ಷರೇ ಅಣ್ಣನನ್ನು ಕರೆದುಕೊಂಡು, ಅವನ ಜರ್ಸಿ ಹಿಡಿದುಕೊಂಡು ಬಂದರು. ಅವರಿಗೊಂದು ಉಪಾಯ ಹೊಳೆದಿತ್ತು. ತೊಂದರೆ ಇರುವುದು ಆರರಲ್ಲಿ ಎಂದು ಅವರ ಲೆಕ್ಕ. ಜನರ ಬಾಯಿ ಮುಚ್ಚಿಸಲಾಗದಿದ್ದರೆ ಆರನ್ನೇ ತೆಗೆದರಾಯಿತು. ಅಬ್ಬಾನಿಗೆ ಹೇಳಿದರು.

"ಮಾಸ್ತರ, ಈ ಆರು ಬಿಚ್ಚಿ ತಿರುವಿ ಹೊಲದುಬಿಡ್ರಿ. ಒಂಬತ್ತಾಗ್ತೈತಿ. ಆರ ಇಲ್ಲಂದ ಮ್ಯಾಲ ಏನ್ ಕೂಗ್ತಾರ?"

ಬೇರೆ ಬಟ್ಟೆಯಲ್ಲಿ ಬೇರೆ ಯಾವುದಾದರೂ ನಂಬರು ಕತ್ತರಿಸುತ್ತೇನೆ, ಬೇಕಾದಷ್ಟು ಬಟ್ಟೆ ಇದೆ ಅಂದೆ. ಇದೇ ಸುಲಭ ಅಂದರು. ಅವರ ಮುಖದಲ್ಲಿ ಎಂಥ ಸಮಾಧಾನ ಇತ್ತೆಂದರೆ, ಒಂದು ದೊಡ್ಡ ಜಗಳ ಬಗೆಹರಿಸಿದ ಪಂಚರ ಮುಖದಲ್ಲಿ ಇರುವಂಥದ್ದು. ಅಣ್ಣನ ಕಡೆ ನೋಡಿದೆ. ಅವನು ಹೂಂ ಅಂದ. ಅವನಿಗೂ ಅದರಲ್ಲಿ ಒಂದು ಚೂರು ನಂಬಿಕೆ ಬಂದಿತ್ತೆಂದು ಕಾಣುತ್ತದೆ. ಮುಳುಗುವವನು ಏನನ್ನಾದರೂ ಹಿಡಿಯುತ್ತಾನಲ್ಲ.

ಬ್ಲೇಡಿನಿಂದ ಹೊಲಿಗೆ ಬಿಚ್ಚಿದೆ. ಬಿಸಿಲಿಗೆ ಜರ್ಸಿಯ ಬಣ್ಣ ಮಾಸಿತ್ತು, ಆದರೆ ನಂಬರಿನ ಕೆಳಗಿದ್ದ ಬಟ್ಟೆ ಹೊಸದರಂತೆ ಕಡುನೀಲಿಯಾಗಿಯೇ ಇತ್ತು. ಆರನ್ನು ತೆಗೆದರೂ ಆರು ಹೋಗಲಿಲ್ಲ. ತಿರುಗಿಸಿ ಒಂಬತ್ತು ಹೊಲಿದರೆ, ಬಿಳಿ ಒಂಬತ್ತಿನ ಅಂಚಿನಿಂದ ನೀಲಿ ಆರು ಇಣುಕುತ್ತಿತ್ತು. ಸೂಜಿಯ ತೂತುಗಳಾದರೂ ಮುಚ್ಚಲಿ ಎಂದು ಇಸ್ತ್ರಿ ಒತ್ತಿದೆ. ಜಾಸ್ತಿ ಬಿಸಿಯಾಗಿ ನೈಲಾನ್ ಅಂಚು ಸುಟ್ಟಿತು. ಅಂಗಡಿ ತುಂಬ ವಾಸನೆ. "ಇರಲಿ ಬಿಡು ತಂಗಿ, ದೂರದಿಂದ ಯಾರಿಗೆ ಕಾಣತೈತಿ," ಅಂದ ಅಣ್ಣ.

ಕಾಣಿಸಿತು. ಸೆಮಿಫೈನಲ್ಲಿಗೆ ಅವನು ಒಂಬತ್ತು ಹಾಕಿಕೊಂಡು ಇಳಿದ. ಮೈದಾನ ಒಂದು ಗಳಿಗೆ ಗಲಿಬಿಲಿಗೊಂಡಿತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಅಧ್ಯಕ್ಷರು ಪೆಂಡಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರೆಂದು ನೋಡಿದವರು ಹೇಳಿದರು. ಅಷ್ಟರಲ್ಲಿ ಗೋಡೆಯ ಮೇಲೆ ಕೂತಿದ್ದ ಯಾರೋ ಒಬ್ಬ, ದೇವರು ಅವನಿಗೆ ಆ ಬುದ್ಧಿಯನ್ನು ಇನ್ಯಾವುದಕ್ಕಾದರೂ ಕೊಡಬಾರದಿತ್ತೇ, "ಉಲ್ಟಾ ಛಕ್ಕಾ!" ಎಂದು ಕೂಗಿದ.

ಆಮೇಲೆ ಬೇರೆ ಕೂಗೇ ಇಲ್ಲ. ಮೊದಲಿನ ಮಾತು ಬರೀ ಬೈಗುಳವಾಗಿತ್ತು. ಇದು ಅವನನ್ನು ಎಲ್ಲರ ಮುಂದೆ ಬಗ್ಗಿಸಿ ನಿಲ್ಲಿಸಿದಂತೆ. ಅದರ ಅರ್ಥವನ್ನು ಇಲ್ಲಿ ಬಿಡಿಸಿ ಬರೆಯಲು ನನ್ನಿಂದಾಗದು. ಹೆಂಗಸರು ಮಕ್ಕಳು ಓಡಾಡುವ ರಸ್ತೆಗೆ ಕೇಳುವಂತೆ ಕೂಗಿದರು. ನಮ್ಮ ಟೀಮಿನ ಸಬ್‌ಸ್ಟಿಟ್ಯೂಟ್ ಆಟಗಾರರು ಲೈನಿನ ಹೊರಗೆ ಕೂತು ಬಾಯಿಗೆ ಕೈ ಅಡ್ಡ ಹಿಡಿದು ನಗುವುದು ನನ್ನ ಮಷೀನಿನಿಂದ ಕಾಣುತ್ತಿತ್ತು. ಆ ಮ್ಯಾಚನ್ನು ನಮ್ಮವರು ಗೆದ್ದರು. ಗೆದ್ದದ್ದೂ ಅಣ್ಣನಿಂದಲೇ, ಅವತ್ತು ಒಬ್ಬನನ್ನೂ ದಾಟಗೊಡಲಿಲ್ಲ.

ಫೈನಲ್ಲಿನ ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಅಣ್ಣ ಬಂದು ಕಟ್ಟೆಯ ಮೇಲೆ ಕೂತಿದ್ದ. ಜರ್ಸಿ ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದ.

"ನಂಬರ ತಗದಬಿಡು ತಂಗಿ."

"ತಗದು ಏನ ಹಚ್ಚಲಿ?"

"ಏನೂ ಹಚ್ಚಬ್ಯಾಡ. ಬರೇ ಬೆನ್ನ ಇದ್ರ ಏನ ಕೂಗ್ತಾರ ನೋಡೂಣು."

ತೆಗೆದುಕೊಟ್ಟೆ. ಕೆಳಗಿನ ನೀಲಿ ಆರಿನ ಗುರುತು ಮಾತ್ರ ಹಾಗೇ ಉಳಿಯಿತು.

ಸಂಜೆ ಮೈದಾನ ತುಂಬಿತ್ತು. ಕೊಪ್ಪಳದ ಟೀಮು ಎದುರಾಳಿ. ಮೊದಲರ್ಧದಲ್ಲಿ ನಮ್ಮವರು ನನಗೆ ಕಾಣುವ ಗೋಲನ್ನೇ ಕಾಯುತ್ತಿದ್ದರು. ಅಣ್ಣ ನಂಬರಿಲ್ಲದ ಬೆನ್ನಿನಲ್ಲಿ ಇಳಿದ. ಜನ ನೋಡಿದರು, ಕೂಗಲು ಬಾಯಿ ತೆರೆದರು, ಏನೂ ಹೊಳೆಯಲಿಲ್ಲ. ಹಿಡಿಯಲು ಅಲ್ಲಿ ನಂಬರೇ ಇರಲಿಲ್ಲ. ಸ್ವಲ್ಪ ಹೊತ್ತು ಮೈದಾನದಲ್ಲಿ ಬಾಲಿನ ಸದ್ದು ಮಾತ್ರ ಕೇಳಿತು. ಅಷ್ಟು ಹೊತ್ತು ಅವನು ಆಡಿದ ಆಟ... ಹೇಗೆ ಹೇಳಲಿ. ಹಳೆಯ ಅಣ್ಣ ಬಂದಿದ್ದ. ಎದುರಿನವರ ಕಾಲಿನಿಂದ ಬಾಲನ್ನು ಕಸಿದು, ತಲೆ ಎತ್ತಿ, ಯಾರಿಗೆ ಕೊಡಲಿ ಎಂದು ನಿಧಾನಕ್ಕೆ ನೋಡುತ್ತಿದ್ದ. ಅಬ್ಬಾ ಕತ್ತರಿ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದರು.

ಆಮೇಲೆ ಕೂಗು ಬಂತು. ಬೆನ್ನಿನ ಮೇಲೆ ಉಳಿದಿದ್ದ ನೀಲಿ ಗುರುತು ಯಾರ ಕಣ್ಣಿಗೆ ಬಿತ್ತೋ ತಿಳಿಯದು. "ಬಿಚ್ಚಿದ ಛಕ್ಕಾ!" ಹತ್ತಿದ ಬೆಂಕಿಯಂತೆ ಆ ತುದಿಯಿಂದ ಈ ತುದಿಗೆ ಹಬ್ಬಿತು. ಕೊಪ್ಪಳದವರೂ ನಮ್ಮವರೂ ಒಂದಾಗಿ ಕೂಗಿದರು.

ಆಗ ರೆಫ್ರಿ ಸೀಟಿ ಊದಿದ.

ಉದ್ದ ಸೀಟಿ. ಬಾಲು ಯಾರ ಕಾಲಿನಲ್ಲೂ ಇರಲಿಲ್ಲ, ಯಾರೂ ಬಿದ್ದಿರಲಿಲ್ಲ. ಆಟ ನಿಂತಿತು. ಜನರ ದನಿ ಅಡಗಿತು. ನಾನು ಮಷೀನಿನಿಂದ ಎದ್ದು ನಿಂತೆ. ಅಣ್ಣ ರೆಫ್ರಿಯ ಕಡೆ ನೋಡುತ್ತಿದ್ದ. ಅವನ ಮುಖ ನನಗೆ ಸರಿಯಾಗಿ ಕಾಣುತ್ತಿತ್ತು. ಆ ಮುಖವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಕೊನೆಗೂ ಆಯಿತಲ್ಲ ಎಂಬ ಮುಖ ಅದು.

ರೆಫ್ರಿ ನೇರವಾಗಿ ಅಣ್ಣನ ಹತ್ತಿರ ಬಂದ. ಭುಜ ಹಿಡಿದು ಅವನನ್ನು ತಿರುಗಿಸಿದ. ಬೆನ್ನು ನೋಡಿದ. ಲೈನಿನ ಹೊರಗೆ ಕೈ ತೋರಿಸಿದ. ನಂಬರ್ ಇಲ್ಲದವರು ಆಡುವಂತಿಲ್ಲ. ಅದು ರೂಲು.

ಅಣ್ಣ ಅವನಿಗೆ ಏನೋ ಕೇಳಿದ. ರೆಫ್ರಿ ಏನೋ ಹೇಳಿದ. ಅದೇನೆಂದು ಅಣ್ಣ ಆಮೇಲೆ ಅಬ್ಬಾನಿಗೆ ಹೇಳಿದ. "ಅವರು ಕೂಗೋದಕ್ಕ ರೂಲ್ ಇಲ್ಲೇನ್ರಿ ಸರ್ ಅಂತ ಕೇಳಿದೆ ಚಾಚಾ. ನನ್ನ ಕಡೆ ಇರೋದು ಬಟ್ಟಿ ರೂಲ್ ಅಷ್ಟ ಅಂದ್ರು." ಆ ರೆಫ್ರಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ. ಅವನೂ ಎಲ್ಲಿಂದಲೋ ಬಂದ ಬಡಪಾಯಿ, ಕೈಯಲ್ಲಿದ್ದ ರೂಲನ್ನು ನಡೆಸಿದ. ಕೈಯಲ್ಲಿ ಇಲ್ಲದ್ದನ್ನು ಎಲ್ಲಿಂದ ತಂದಾನು? ಹೀಗೆ ನನಗೆ ನಾನೇ ಹೇಳಿಕೊಂಡರೂ ಇವತ್ತಿಗೂ ಸೀಟಿಯ ಸದ್ದು ಕೇಳಿದರೆ ಮಷೀನು ನಿಲ್ಲಿಸಿಬಿಡುತ್ತೇನೆ.

ಅಣ್ಣ ಬಿದ್ದ ಗೋಡೆಯ ಮೇಲಿಂದ ದಾಟಿ ನೇರ ನಮ್ಮ ಅಂಗಡಿಗೆ ಬಂದ. ಹಿಂದೆಯೇ ಅಧ್ಯಕ್ಷರು ಓಡೋಡಿ ಬಂದರು. ಟೀಮು ಹತ್ತೇ ಜನರಲ್ಲಿ ಆಡುತ್ತಿತ್ತು.

"ಮಾಸ್ತರ, ಲಗೂನ ಯಾವುದರ ಒಂದ್ ನಂಬರ ಹಚ್ಚಿ ಕಳಸ್ರಿ! ಎರಡ ಟಾಕಿ ಹಾಕಿದ್ರ ಸಾಕು!"

ಅಬ್ಬಾ ಅಧ್ಯಕ್ಷರ ಕಡೆ ನೋಡಲಿಲ್ಲ. ಅಣ್ಣನ ಮುಂದೆ ಬಂದು ಕೇಳಿದರು. "ನಿನಗ ಯಾ ನಂಬರ ಬೇಕು ಬೇಟಾ?"

"ಯಾವುದೂ ಬ್ಯಾಡ ಚಾಚಾ."

ಅಧ್ಯಕ್ಷರು ಬೈದರು, ಗೋಗರೆದರು, ಊರಿನ ಮಾನದ ಪ್ರಶ್ನೆ ಅಂದರು. ಕೊನೆಗೆ ಒಬ್ಬ ಸಬ್‌ಸ್ಟಿಟ್ಯೂಟನ್ನು ಇಳಿಸಲು ಓಡಿದರು. ಅಣ್ಣ ಮೈದಾನಕ್ಕೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂತ. ಮ್ಯಾಚು ಮುಗಿಯುವ ತನಕ ಏಳಲಿಲ್ಲ. ಕೂಗು ಕೇಳುತ್ತಾ ಅಂದಾಜು ಮಾಡುತ್ತಿದ್ದ, ನಾವು ಮಾಡುತ್ತಿದ್ದ ಹಾಗೆಯೇ. ಅವನಿಲ್ಲದೆಯೂ ಊರು ಗೆದ್ದಿತು. ಪಟಾಕಿ ಹಾರಿತು, ಹಲಗೆ ಬಡಿದರು, ಕ್ಯಾಪ್ಟನ್ನನ್ನು ಹೆಗಲ ಮೇಲೆ ಹೊತ್ತು ನಮ್ಮ ಅಂಗಡಿಯ ಮುಂದೆಯೇ ಮೆರವಣಿಗೆ ಹೋಯಿತು. ಒಬ್ಬರಾದರೂ ಒಳಗೆ ಹಣಿಕಿ ನೋಡಿದರೆ ಎಂದು ಕಾಯುತ್ತಿದ್ದೆ. ಯಾರೂ ನೋಡಲಿಲ್ಲ. ಅಬ್ಬಾ ಎದ್ದು ಶಟರನ್ನು ಅರ್ಧಕ್ಕೆ ಎಳೆದರು.

ಆ ವರ್ಷದೊಳಗೇ ಅಣ್ಣ ಊರು ಬಿಟ್ಟ. ಗೋವಾದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು ಅಂದ. ಅವನ ಅವ್ವ ಕೆಲವು ದಿನ ಬಾಗಿಲಲ್ಲಿ ಕೂತು ನೋಡಿ, ಆಮೇಲೆ ಅಳವಂಡಿಯಲ್ಲಿರುವ ಮಗಳ ಮನೆಗೆ ಹೋದರು. ಮರುವರ್ಷ ಕಮಿಟಿಯವರು ಮೈದಾನದ ಗೇಟಿಗೆ "ಸಭ್ಯ ಭಾಷೆ ಬಳಸಿ" ಎಂದು ಬೋರ್ಡು ಹಾಕಿದರು. ಯಾವ ಟೀಮಿಗೂ ಆರನೇ ನಂಬರ್ ಇರಬಾರದೆಂದು ನಿಯಮ ಮಾಡಿದರು. ಸಮಸ್ಯೆ ಬಗೆಹರಿಯಿತೆಂದು ಅವರು ನಿಜವಾಗಿ ನಂಬಿದ್ದಾರೆ. ಕೂಗು ಇನ್ನೂ ಇದೆ. ಈಗ ಯಾರ ಕಾಲು ತಪ್ಪಿದರೂ, ಯಾರು ಹೆದರಿ ಹಿಂದೆ ಸರಿದರೂ ಅದನ್ನೇ ಕೂಗುತ್ತಾರೆ.

ನೈಲಾನ್ ಸುಟ್ಟ ದಿನ ಸಂಜೆ ತಡೆಯಲಾಗದೆ ಅವನಿಗೆ ಫೋನ್ ಮಾಡಿದೆ. ನಂಬರು ಅವನ ಅವ್ವನಿಂದ ಎಂದೋ ಇಸಿದುಕೊಂಡಿದ್ದೆ, ಹಚ್ಚುವ ಧೈರ್ಯ ಬಂದಿರಲಿಲ್ಲ. ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು. ನನ್ನ ದನಿ ಗುರುತು ಹಿಡಿದ. ಅಬ್ಬಾ ಹೋದ ಸುದ್ದಿ ಅವನಿಗೆ ತಲುಪಿತ್ತು. ಆರಾಮ ಇದ್ದೀನಿ ಅಂದ. ಜೊತೆಗೆ ಯಾರಾದರೂ ಇದ್ದಾರಾ ಎಂದು ಕೇಳಲು ಬಾಯಿ ಬರಲಿಲ್ಲ. ಅದಕ್ಕೆ ಬೇರೆ ಕೇಳಿದೆ.

"ಗೋವಾದಾಗ ಓಣಿಗೊಂದು ಫುಟ್ಬಾಲ್ ಟೀಮ್ ಐತಂತಲ್ಲ ಅಣ್ಣಾ. ಅಲ್ಲೆ ಆಡ್ತಿಯೇನು?"

"ಇಲ್ಲ ತಂಗಿ. ನಾನು ಆಡ್ತಿದ್ದೆ ಅಂತ ಇಲ್ಲೆ ಯಾರಿಗೂ ಹೇಳಿಲ್ಲ."

"ಯಾಕ?"

"ಆಡ್ತಿದ್ದೆ ಅಂದ್ರ ಯಾ ಊರು, ಯಾ ಟೀಮ್ ಅಂತ ಕೇಳ್ತಾರ. ಮೊಬೈಲಿನ್ಯಾಗ ಹುಡುಕ್ತಾರ. ಆ ಫೈನಲ್ಲಿನ ವಿಡಿಯೋ ಇನ್ನೂ ಐತಿ. ಕೂಗು ಎಲ್ಲಾ ಕೇಳಸ್ತೈತಿ ಅದರಾಗ."

ಅವನೇ ಮುಂದುವರಿಸಿದ.

"ರೂಮಿನ್ಯಾಗ ನಾಕು ಮಂದಿ ಅದೇವಿ. ದಿನಾ ಮ್ಯಾಚ್ ನೋಡ್ತಾರ. ನಾನೂ ಕೂಡ್ತೀನಿ. ಸಂಶೆ ಬರಬಾರದಲ್ಲ, ಅದಕ್ಕ ನಡುನಡುವ ಕೇಳ್ತಿರ್ತೀನಿ, ಇದರಾಗ ಬಾಲ್ ಕೈಲೆ ಹಿಡಿಯಂಗಿಲ್ಲೇನು ಅಂತ. ನಗ್ತಾರ. ಭಾಳ ಛಲೋ ಹುಡುಗರು ತಂಗಿ. ಕುಂದ್ರಿಸಿಕೊಂಡು ನನಗ ಫುಟ್ಬಾಲ್ ಹೇಳಿಕೊಡ್ತಾರ."

ಅವನನ್ನು ಒಳಗಿನಿಂದ ಯಾರೋ ಕರೆದರು. ಇಡ್ತೀನಿ ಅಂದ. ನನಗೆ ಅಳು ಬಂತು, ಗಿರಾಕಿಗಳ ಎದುರಿಗೇ ಅತ್ತೆ.